ಗಾರ್ಡನ್ ಟ್ರಾಕ್ಟರಿನ ಐಬು

ನಮ್ಮ ಸೋದರಮಾವ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುವಾಗ ಸುತ್ತ ನಿಂತವರೆಲ್ಲ ತಂತಮ್ಮ ಬಾಯಿ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿದ್ದರು, ಮುಂದಿನ ಸರದಿ ತಮ್ಮದೇ ಏನೋ ಅನ್ನುವ ಹಾಗೆ. ನನಗೆ ಹೆಣ್ಣು ನೋಡಲು ಹೋಗುವಾಗ ಇವರೊಬ್ಬರನ್ನು ಮಾತ್ರ ಕರೆದುಕೊಂಡು ಹೋಗಬಾರದೆಂದು ನಾನು ಆಗಲೇ ತೀರ್ಮಾನ ಮಾಡಿದ್ದೆ. ಹೆಣ್ಣಿನ ಮಾತು ಹಾಗಿರಲಿ, ನನ್ನ ಮೀಸೆಯೇ ಆಗಿನ್ನೂ ಅರ್ಜಿ ಹಾಕಿಕೊಂಡು ಕಾಯುತ್ತಿತ್ತು.

ಮಾವ ನಜರ್‌ಬಾದಿನ ಆಚೆ ಒಂದು ತುಂಡು ನೆಲವನ್ನು ಗುತ್ತಿಗೆಗೆ ಹಿಡಿದು ದಂಟು, ಕೀರೆ, ಮೆಂತ್ಯ, ಸಬ್ಬಸಿಗೆ ಬೆಳೆದು ದೇವರಾಜ ಮಾರ್ಕೆಟ್ಟಿಗೆ ಹಾಕುತ್ತಿದ್ದರು. ನಾನು ಪಿಯುಸಿಯಲ್ಲಿ ಡುಮ್ಕಿ ಹೊಡೆದು ಅವರ ಮನೆಯಲ್ಲಿ ಅನ್ನ ಬೆಳೆಯುವುದರ ಬದಲು ಕರಗಿಸುತ್ತಿದ್ದೆ. ನನಗೆ ಬರುತ್ತಿದ್ದ ವಿದ್ಯೆ ಒಂದೇ: ಅಣಕ. ನಮ್ಮ ಬೀದಿಯ ಟಾಂಗಾ ಕುದುರೆ, ಸಿಟಿ ಬಸ್ಸಿನ ಕಂಡಕ್ಟರು, ಕಾಲೇಜಿನಲ್ಲಿ ನನ್ನನ್ನು ಫೇಲು ಮಾಡಿದ ಮೇಷ್ಟರು, ಫೇಲಾದಾಗ ಅತ್ತ ನಾನು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದರು. ಒಂದು ಸದ್ದನ್ನು ಕದಿಯಬೇಕಾದರೆ ನಾನು ಕಣ್ಣು ಮುಚ್ಚಿ ನಿಲ್ಲುತ್ತಿದ್ದೆ. ಕಣ್ಣು ಬಿಟ್ಟಿದ್ದರೆ ಕಿವಿ ಸೋಮಾರಿಯಾಗುತ್ತದೆ ಅಂತ ನನ್ನ ಸಿದ್ಧಾಂತ. ಈ ಸಿದ್ಧಾಂತ ನಮ್ಮನ್ನು ಎಲ್ಲಿಗೆ ತಂದು ನಿಲ್ಲಿಸಿತು ಅನ್ನುವುದೇ ಈ ಕಥೆ.

ಆ ವರ್ಷಗಳಲ್ಲಿ ನಮ್ಮ ಎತ್ತುಗಳು ಮೇಯುತ್ತಿದ್ದ ಬಯಲೆಲ್ಲ ಸೈಟುಗಳಾಗಿ, ಹುಲ್ಲಿದ್ದಲ್ಲಿ ಕಲ್ಲು ನೆಟ್ಟಿದ್ದರು. ಹುಲ್ಲು ಕೊಂಡು ಹಾಕಿ ಜೋಡಿ ಸಾಕುವುದು ಮಾವನ ಕೈಲಿ ಆಗುತ್ತಿರಲಿಲ್ಲ. ಹಳ್ಳಿಯಲ್ಲಿದ್ದ ಅವರ ಷಡ್ಡಕ ಜೋಡಿಯನ್ನು ತಾನು ಹೊಡೆದುಕೊಂಡು ಹೋಗುತ್ತೇನೆಂದು ಹೇಳಿ ಕಳಿಸಿದ್ದ. ಅಷ್ಟರಲ್ಲಿ ಮಾರ್ಕೆಟ್ಟಿನಲ್ಲಿ ಯಾರೋ ಅಂದರು, ಲಕ್ಷ್ಮೀಪುರಂನಲ್ಲಿ ರಿಟೈರಾದ ಅಮಲ್ದಾರರೊಬ್ಬರ ಹತ್ತಿರ ಗಾರ್ಡನ್ ಟ್ರಾಕ್ಟರು ಮಾರಾಟಕ್ಕಿದೆಯಂತೆ, ಎರಡೇ ಚಕ್ರ, ಹಿಂದೆ ಹಿಡಿ ಹಿಡಿದುಕೊಂಡು ನಡೆದರೆ ತಾನೇ ಉಳುತ್ತದಂತೆ.

ಮಾವ ಅಂದು ಊಟ ಮಾಡಲಿಲ್ಲ. "ಎತ್ತು ಕೊಟ್ಬುಟ್ಟು ಯಂತ್ರ ತರೋದು. ಯಂತ್ರ ಕೈಕೊಟ್ರೆ ಇನ್ನೊಂದು ಜೊತೆ ಕಟ್ಟೋ ಶಕ್ತಿ ನಂಗಿಲ್ಲ. ನೆಲ ಬೀಳು ಬಿದ್ರೆ ಗುತ್ತಿಗೆ ಇನ್ನೊಬ್ಬನ ಪಾಲು" ಎಂದರು. ಅತ್ತೆ, "ಯಂತ್ರಕ್ಕೂ ಬಾಯಿ ಬಿಡಿಸಿ ಹಲ್ಲು ನೋಡ್ಕೊಂಡು ಬನ್ನಿ" ಅಂದಳು. ಅವಳು ತಮಾಷೆಗೆ ಅಂದದ್ದು. ಮಾವ ತಲೆಯಾಡಿಸಿದರು.

ಅಮಲ್ದಾರರು ತೆಳ್ಳಗೆ, ನೆಟ್ಟಗೆ, ಇಸ್ತ್ರಿ ಮಾಡಿದ ಕೊಡೆಯ ಹಾಗಿದ್ದರು. ತೋಟಕ್ಕೂ ಕೋಟು ಹಾಕಿಕೊಂಡೇ ಬಂದರು. ಯಾರು ಏನಂದರೂ ಕೊನೆಗೊಂದು "ಸರಿ ಸರಿ" ಎನ್ನುವುದು ಅವರ ಚಾಳಿ. ಫೈಲಿಗೆ ಮೊಹರು ಒತ್ತಿದ ಹಾಗೆ. ನಾವು ಕಾಂಪೌಂಡಿಗೆ ಕಾಲಿಟ್ಟ ಕೂಡಲೇ ಆ ಮೊಹರು ನನ್ನ ಗಂಟಲಿಗೆ ಬಿದ್ದಿತ್ತು.

ಟ್ರಾಕ್ಟರು ಸೀಬೆ ಮರದ ನೆರಳಿನಲ್ಲಿ ನಿಂತಿತ್ತು. ಸ್ವಾತಂತ್ರ್ಯ ಬಂದಾಗ ಊರು ಬಿಟ್ಟ ಇಂಗ್ಲಿಷ್ ದೊರೆಯೊಬ್ಬನಿಂದ ಕೊಂಡದ್ದಂತೆ. ಮಾವ ಅದರ ಸುತ್ತ ಎರಡು ಪ್ರದಕ್ಷಿಣೆ ಹಾಕಿದರು. ಹೊಟ್ಟೆ ತಟ್ಟಿದರು. ಟ್ಯಾಂಕಿನ ಮೇಲಿದ್ದ ಒಂದು ತಗ್ಗಿಗೆ ಬೆರಳಿಟ್ಟು, "ಇದು ಹುಟ್ಟು ಸುಳಿಯೋ, ಬಿದ್ದು ಆಗಿದ್ದೋ?" ಎಂದರು.

"ಬಿದ್ದದ್ದು," ಎಂದರು ಅಮಲ್ದಾರರು ಗಂಭೀರವಾಗಿ.

"ಹಂಗಾದ್ರೆ ದೋಷ ಇಲ್ಲ. ಹಲ್ಲು ಎಂಗದೆ?"

ನಾನು ನಗು ತಡೆಯಲು ಕೆಮ್ಮಿದೆ. ಆದರೆ ಅಮಲ್ದಾರರ ಮುಖ ಅರಳಿತು. ಕುಳಿತು, ಒಂದು ತಗಡಿನ ಮುಚ್ಚಳ ಬಿಚ್ಚಿ ಒಳಗಿನ ಗೇರಿನ ಚಕ್ರ ತೋರಿಸಿದರು. "ನೋಡಿ ಯಜಮಾನ್ರೇ, ಒಂದು ಹಲ್ಲು ಸವೆದಿಲ್ಲ. ಸರಿಯಾದ ಪ್ರಶ್ನೆ ಕೇಳಿದೋರು ನೀವೊಬ್ರೇ."

ಮಾವ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ನಾನು ಬೆರಗಾದೆ. ಒಬ್ಬರಿಗೆ ಯಂತ್ರ ಗೊತ್ತಿಲ್ಲ, ಇನ್ನೊಬ್ಬರಿಗೆ ಎತ್ತು ಗೊತ್ತಿಲ್ಲ, ಇಬ್ಬರಿಗೂ ತೃಪ್ತಿ!

ಜಗುಲಿಯ ಮೇಲಿಂದ ಅಮಲ್ದಾರರ ಹೆಂಡತಿ ಕೂಗಿದರು: "ಯಂತ್ರಕ್ಕೆ ವಯಸ್ಸಾಯ್ತು, ಅದಕ್ಕೇ ಮಾರ್ತೀನಿ ಅಂತ ನನ್ನ ಹತ್ರ ನೀವೇ ಅಂದ್ರಲ್ಲ? ಈಗೇನು ಹಲ್ಲು ತೋರಿಸ್ತಾ ಇದೀರಿ?"

"ಒಳಗೆ ಕೆಲಸ ಇದ್ರೆ ನೋಡ್ಕೋ ಹೋಗೇ. ಸರಿ ಸರಿ."

"ಕೆಲಸವಂತೆ! ದಿನಾ ಬೆಳಗಾದ್ರೆ ಬಡಬಡ ಅಂತ ಓಡಿಸ್ತಾರೆ. ಒಂದು ಕೊತ್ತಂಬರಿ ಬೀಜ ನೆಲಕ್ಕೆ ಬಿದ್ದಿಲ್ಲ" ಎಂದು ಆಕೆ ಒಳಗೆ ಹೋದರು.

ಮಾವ ಒಂದು ಹಿಡಿ ಮಣ್ಣು ತೆಗೆದು ಬೆರಳ ಸಂದಿಯಲ್ಲಿ ಸುರಿದರು. "ರವೆ ಆಗೋಗದಲ್ಲ ಸ್ವಾಮಿ! ಇಷ್ಟು ಉತ್ತು ಏನು ಬಿತ್ತಿದ್ದೀರಿ?"

"ಬಿತ್ತೋದು ಮುಂದೆ ನೋಡೋಣ."

ಆಮೇಲೆ ಅಮಲ್ದಾರರು ಯಂತ್ರದ ಪಕ್ಕದ ಗಾಲಿಗೆ ಹಗ್ಗ ಸುತ್ತಿ ಎಳೆದರು. ಮುಖ ಕೆಂಪಗಾಯಿತು. ಮತ್ತೆ ಸುತ್ತಿದರು, ಮತ್ತೆ ಎಳೆದರು. ಮಾವ ಕೈ ಚಾಚಿದರೆ ಬೇಡವೆಂದರು. ಕೊನೆಗೆ ಅದು ಹೊತ್ತಿಕೊಂಡಿತು. ಅವರು ಹಿಡಿ ಹಿಡಿದು ಸಾಲಿಗೆ ಇಳಿದರು. "ಸದ್ದು ಕೇಳಿಸ್ಕೋ, ಮನೇಲಿ ಬೇಕು" ಎಂದರು ಮಾವ ನನ್ನ ಕಿವಿಯಲ್ಲಿ. ನಾನು ಕಣ್ಣು ಮುಚ್ಚಿದೆ. ಯಂತ್ರ ಅತ್ತ ಹೋಯಿತು, ಇತ್ತ ಬಂತು. ನಾನು ಪೂರ್ತಿ ನುಂಗಿದೆ, ಒಂದು ಗುಟುಕೂ ಬಿಡದೆ.

ಆಮೇಲೆ ಬೆಲೆ. "ನಾನೂರು" ಎಂದರು ಅಮಲ್ದಾರರು, ಗಟ್ಟಿಯಾಗಿ, ರಸ್ತೆಗೆ ಕೇಳುವ ಹಾಗೆ. ಮಾವ ಹೌಹಾರಿ ಸುತ್ತ ನೋಡಿದರು. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದು ಬೀದಿಯಲ್ಲಿ ಸ್ನಾನ ಮಾಡಿದ ಹಾಗೆ. ಅವರು ಹೆಗಲ ಟವಲನ್ನು ಬಲಗೈ ಮೇಲೆ ಹಾಕಿಕೊಂಡು ಆ ಕೈಯನ್ನು ಅಮಲ್ದಾರರ ಮುಂದೆ ಚಾಚಿದರು. ಟವಲಿನಡಿ ಒಬ್ಬರ ಬೆರಳು ಒಬ್ಬರು ಹಿಡಿಯಬೇಕು, ಒಂದು ಬೆರಳಿಗೆ ನೂರು. ಮಾವ ಮೂರು ಬೆರಳು ಚಾಚಿದ್ದರಂತೆ.

ಅಮಲ್ದಾರರು ಸರ್ವೀಸಿನಲ್ಲಿ ದೊರೆಗಳ ಕೈ ಕುಲುಕಿದವರು. ಟವಲು ಯಾಕೆಂದು ಅವರಿಗೆ ತಿಳಿಯಲಿಲ್ಲ. ಕೈಗೆ ಗಾಯವಾಗಿದೆ ಅಂದುಕೊಂಡರೋ ಏನೋ. ಕೈ ಒಳಗೆ ತೂರಿಸಿ, ಮಾವನ ಐದೂ ಬೆರಳು ಬಾಚಿ ಹಿಡಿದು, ಎರಡು ಸಲ ಜೋರಾಗಿ ಕುಲುಕಿ, "ಸರಿ ಸರಿ!" ಎಂದರು.

ಮಾವನ ಮುಖ ಬಿಳಿಚಿತು. ಕೈ ಎಳೆದುಕೊಂಡು ಗೇಟಿನ ಕಡೆ ನಡೆದರು. ರಸ್ತೆಗೆ ಬಂದ ಮೇಲೆ ಬಾಯಿ ಬಿಟ್ಟರು: "ಬಾಯಲ್ಲಿ ನಾಲ್ಕು, ಕೈಯಲ್ಲಿ ಐದು! ಇದ್ಯಾವ ಸೀಮೆ ಅಮಲ್ದಾರ ಕಣೋ! ಅದೂ ಎರಡು ಸಲ ಅಲುಗಿಸಿದ. ಅಂದ್ರೆ ಹತ್ತಾ?"

ಮನೆಯಲ್ಲಿ ಕಚೇರಿ ಸೇರಿತು. ಮಾವ ಮಂಚದ ಮೇಲೆ, ಅತ್ತೆ ಬಾಗಿಲಲ್ಲಿ, ನಾನು ನಡುಮನೆಯಲ್ಲಿ ಟ್ರಾಕ್ಟರಾಗಿ. ಐದು ಕೇಳುವವನನ್ನು ಮೂರಕ್ಕೆ ಇಳಿಸಬೇಕಾದರೆ ಐಬು ಬೇಕು. ದೋಷಕ್ಕೆ ದನದ ಸಂತೆಯಲ್ಲಿ ಐಬು ಅನ್ನುತ್ತಾರೆ. ಐಬಿಲ್ಲದ ಎತ್ತಿಲ್ಲ, ಹುಡುಕದ ಕೊಳ್ಳುವವನಿದ್ದಾನೆ ಅಷ್ಟೆ ಎಂದು ಮಾವನ ಮತ.

ನಾನು ಶುರುಮಾಡಿದೆ. "ಬಡಬಡಬಡಬಡ... ಘೊರ್ರ್... ಖ್ಖು ಖ್ಖು ಖ್ಖು... ಹೀಂss... ಸರ್ ಸರ್... ಬಡಬಡಬಡ..."

ಕೊಟ್ಟಿಗೆಯಲ್ಲಿ ಎತ್ತುಗಳು ಎದ್ದು ನಿಂತವು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಯಾವ ಯೂನಿವರ್ಸಿಟಿಯೂ ಕೊಟ್ಟಿಲ್ಲ.

"ನಿಲ್ಸು" ಎಂದರು ಮಾವ. "ಆ ಮಧ್ಯದ್ದು ಇನ್ನೊಂದು ಕಿತ ಮಾಡು."

"ಘೊರ್ರ್... ಖ್ಖು ಖ್ಖು..."

"ನಿನ್ನ ಮಸಾಲೆ ಸೇರಿಸ್ಬ್ಯಾಡ."

"ಇಲ್ಲ ಮಾವ, ಅಲ್ಲಿದ್ದದ್ದೇ. ತಿರುವಿಗೆ ಬಂದಾಗೆಲ್ಲ ಬರ್ತಿತ್ತು."

ಮಾವ ಮಂಚದಿಂದ ಇಳಿದು ಬಂದು, ನನ್ನ ಎದೆಗೆ ಕಿವಿಯಿಟ್ಟು, ಇನ್ನೂ ಒಂದು ಸಲ ಮಾಡಿಸಿದರು. ಆಮೇಲೆ ಗೆದ್ದವರ ಹಾಗೆ ಎದ್ದರು. "ದಮ್ಮು ಕಣೋ! ಉಬ್ಬಸ. ಎತ್ತಿಗೆ ಇಂಗೇ ಬತ್ತದೆ. ಮೊದ್ಲು ತಿರುವಲ್ಲಿ ಮಾತ್ರ. ಆಮ್ಯಾಕೆ ನೆಟ್ಟಗೆ ನಡೆದ್ರೂ ಬತ್ತದೆ. ಆಮ್ಯಾಕೆ ನಿಂತ್ರೂ ಬತ್ತದೆ. ಬಾಳ ದಿನ ಬಾಳಲ್ಲ."

"ಯಂತ್ರಕ್ಕೆ ಉಬ್ಬಸ ಬರ್ತದೇನ್ರೀ?" ಎಂದಳು ಅತ್ತೆ.

"ಉಸಿರಾಡೋ ವಸ್ತುವಿಗೆಲ್ಲ ಬತ್ತದೆ. ಹೊಗೆ ಬಿಡ್ತದೆ ಅಂದ್ಮೇಲೆ ಉಸಿರಾಡ್ತದೆ."

ನಾನು ಅದನ್ನೂ ಕೂಡಲೇ ಅವರ ದನಿಯಲ್ಲೇ ಅಂದು ತೋರಿಸಿ ಒಂದು ಏಟು ತಿಂದೆ.

ಮಾರನೆಯ ಬೆಳಿಗ್ಗೆ ಮತ್ತೆ ಲಕ್ಷ್ಮೀಪುರಂ. ಅದೇ ದಿನ ಷಡ್ಡಕ ಎತ್ತಿಗೆ ಬರುವವನಿದ್ದ. ಅಮಲ್ದಾರರು ನಮ್ಮನ್ನು ನೋಡಿ ನಗುತ್ತಾ, "ದುಡ್ಡು ತಂದ್ರಾ?" ಎಂದರು.

"ಯಾವ ದುಡ್ಡು ಸ್ವಾಮಿ?"

"ನಿನ್ನೆ ಶೇಕ್‌ಹ್ಯಾಂಡ್ ಆಯ್ತಲ್ರೀ! ನಾನೂರಕ್ಕೆ."

"ನಾಲ್ಕೆಲ್ಲಿ, ನೀವು ಐದು ಹಿಡಿದ್ರಿ! ನಾನು ಕೊಟ್ಟಿದ್ದು ಮೂರು!"

ಇದು ಸ್ವಲ್ಪ ಹೊತ್ತು ನಡೆಯಿತು. ಕೊನೆಗೆ ಮಾವ ಟವಲು ಹಾಕಿ ಪಾಠ ಹೇಳಿದರು: ಇದು ಒಂದು, ಇದು ಎರಡು, ಇದು ಮೂರು. ಅಮಲ್ದಾರರು ಬೆಚ್ಚಿಬಿದ್ದರು. "ಅಯ್ಯೋ ರಾಮ! ಇಷ್ಟು ವರ್ಷ ತಾಲ್ಲೂಕು ಆಳಿದ್ದೀನಿ. ಸಂತೆಯಲ್ಲಿ ಎಷ್ಟು ಜನರ ಕೈ ಕುಲುಕಿದ್ದೀನೋ! ಎಷ್ಟು ಎತ್ತು ಮಾರಿ ಹೋದವೋ!"

ನಾವು ಮೂವರೂ ನಕ್ಕೆವು. ಅಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು.

"ಆದ್ರೂ ಮೂರರ ಮೇಲೆ ಆಗಕಿಲ್ಲ" ಎಂದರು ಮಾವ. "ಯಂತ್ರಕ್ಕೆ ಐಬದೆ. ಕೆಮ್ತದೆ."

"ಕೆಮ್ಮುತ್ತಾ? ಫಸ್ಟ್ ಕ್ಲಾಸ್ ಕಂಡೀಷನ್ ಕಣ್ರೀ ಅದು!"

"ತೋರ್ಸೋ ಅವರಿಗೆ."

ನಾನು ಕೋಟಿಲ್ಲದ ಕಲಾವಿದ, ಕೈ ಜೋಡಿಸಿ ನಮಸ್ಕಾರ ಮಾಡಿ ಕಣ್ಣು ಮುಚ್ಚಿದೆ. "ಬಡಬಡಬಡಬಡ... ಘೊರ್ರ್... ಖ್ಖು ಖ್ಖು ಖ್ಖು... ಹೀಂss... ಸರ್ ಸರ್..." ಕಣ್ಣು ಬಿಟ್ಟಾಗ ಅಮಲ್ದಾರರ ನಗು ಹೋಗಿತ್ತು. ಅವರ ಹಿಂದೆ, ಕಾಫಿ ಲೋಟಗಳ ತಟ್ಟೆ ಹಿಡಿದು ಅವರ ಹೆಂಡತಿ ನಿಂತಿದ್ದರು.

"ಇನ್ನೊಂದ್ಸಲ ಮಾಡಪ್ಪ" ಎಂದರು ಆಕೆ.

ಒನ್ಸ್ ಮೋರ್ ಅಂದರೆ ನನ್ನಂಥವನಿಗೆ ಹಬ್ಬ. ಇನ್ನೂ ಜೋರಾಗಿ ಮಾಡಿದೆ. ಕೆಮ್ಮಿಗೆ ಬಗ್ಗಿದೆ ಕೂಡ.

"ಕೊನೇಲಿ ಏನೋ ಅಂದ್ಯಲ್ಲ. ಅದೇನು?"

"ಸರ್ ಸರ್ ಅಂತಮ್ಮ. ಗಾಳಿ ಬಿಡೋ ಸದ್ದು."

"ಸರ್ ಸರ್ ಅಲ್ಲ." ಆಕೆ ತಟ್ಟೆಯನ್ನು ಜಗುಲಿಯ ಮೇಲೆ ಇಟ್ಟರು. ಲೋಟಗಳು ಗಲಗಲ ಅಂದವು. "ಸರಿ ಸರಿ."

ಆಕೆ ಗಂಡನ ಕಡೆ ತಿರುಗಿದರು.

"ಯಂತ್ರ ಎಲ್ಲಾದ್ರೂ ಸರಿ ಸರಿ ಅನ್ನುತ್ತೇನ್ರೀ?" ಎಂದು ಆಕೆ ಗಂಡನನ್ನು ಕೇಳಿದರು.

ನಿನ್ನೆ ಯಂತ್ರದ ಹಿಂದೆಯೇ ನಡೆಯುತ್ತಿದ್ದವರು ಅಮಲ್ದಾರರು. ನಾನು ಕಣ್ಣು ಮುಚ್ಚಿದ್ದೆ. ಒಂದೇ ದಿಕ್ಕಿನಿಂದ ಬಂದ ಎರಡು ಸದ್ದನ್ನು ಒಂದೇ ಅಂತ ನುಂಗಿ, ಮನೆಗೆ ಹೊತ್ತು, ಎತ್ತುಗಳಿಗೆ ಕೇಳಿಸಿ, ಭೇಷ್ ಅನ್ನಿಸಿಕೊಂಡಿದ್ದೆ. ಮಾವ ನನ್ನ ಎದೆಗೆ ಕಿವಿಯಿಟ್ಟು ಕಂಡುಹಿಡಿದ ರೋಗ ಸರಿಯಾಗಿಯೇ ಇತ್ತು. ರೋಗಿ ಬೇರೆ. ನೆಲ ಯಾಕೆ ರವೆಯಾಗಿತ್ತು, ಬೀಜ ಯಾಕೆ ಬಿದ್ದಿರಲಿಲ್ಲ ಅನ್ನುವುದು ಆಗ ಹೊಳೆಯಿತು. ಬೆಳಗಿನ ಕೆಮ್ಮನ್ನು ಹೆಂಡತಿಯ ಕಿವಿಗೆ ಬೀಳದ ಹಾಗೆ ಕೆಮ್ಮಿ ಮುಗಿಸಲು ಅವರಿಗೆ ಆ ಬಡಬಡ ಬೇಕಿತ್ತು. ಈಗ ಹಗ್ಗ ಎಳೆಯುವುದಕ್ಕೂ ಉಸಿರು ಸಾಲದಾಗಿತ್ತು, ಅದಕ್ಕೇ ಮಾರಾಟ.

ಅಷ್ಟರಲ್ಲಿ ಅಮಲ್ದಾರರು ಮಾಡಿದ್ದನ್ನು ನೋಡಿ ನನಗೆ ಇನ್ನೂ ದಿಗಿಲಾಯಿತು. ಫಸ್ಟ್ ಕ್ಲಾಸ್ ಅಂದಿದ್ದ ಅದೇ ಬಾಯಿಂದ, "ಅದು ಯಂತ್ರದ್ದೇ ಕಣೇ. ಕಾರ್ಬೊರೇಟರು ಹಾಳಾಗಿದೆ. ನಾನೇ ಇವರ ಹತ್ರ ಮುಚ್ಚಿಟ್ಟಿದ್ದೆ" ಎಂದರು. ಎಂದವರೇ ಮಾವನ ಹೆಗಲಿನ ಟವಲು ಎಳೆದು, ಅವರ ಕೈಮೇಲೆ ಹೊದಿಸಿ, ಕೆಳಗೆ ಕೈ ತೂರಿಸಿದರು. ಆಗ ತಾನೇ ಕಲಿತ ಪಾಠ. ಮೂರು ಬೆರಳು ಹಿಡಿದರು.

ಮಾವನಿಗೆ ಬೇಕಾಗಿದ್ದ ಬೆಲೆ ಸಿಕ್ಕಿತ್ತು. ಅವರ ಮುಖ ಮಾತ್ರ ಸೊತ್ತು ಕಳೆದುಕೊಂಡವರ ಹಾಗಾಗಿತ್ತು. ಏನು ಮಾಡುವುದೆಂದು ತೋಚದೆ ಅವರ ಕೈಗಳು ವ್ಯಾಪಾರ ಮುಗಿದಾಗ ಮಾಡುವ ಕೆಲಸವನ್ನು ತಾವೇ ಮಾಡಿದವು. ದುಡ್ಡು ಕೊಟ್ಟರು. ಟ್ರಾಕ್ಟರಿಗೆ ಸುತ್ತಿದ್ದ ಹಗ್ಗ ಬಿಚ್ಚಿದರು. ಎರಡೂ ಕೈಯಲ್ಲಿ ಹಿಡಿದು, "ಹಗ್ಗ ಮಾರಿದೋರ್ದು ಸ್ವಾಮಿ" ಎಂದು ಅಮಲ್ದಾರರಿಗೆ ಒಪ್ಪಿಸಿದರು. ನಮ್ಮಲ್ಲಿ ಎತ್ತು ಮಾರಿದವನು ಹಗ್ಗ ಕೊಡುವುದಿಲ್ಲ. ಹಗ್ಗ ಹೋದರೆ ಕೊಟ್ಟಿಗೆಯ ಭಾಗ್ಯವೂ ಅದರ ಹಿಂದೆ ಹೋಗುತ್ತದೆ. ಕೊಂಡವನು ತನ್ನ ಹಗ್ಗ ತಾನೇ ತರಬೇಕು.

"ಹಂಗಾದ್ರೆ ಈಗಲೇ ಓಡಿಸಿ" ಎಂದರು ಅಮಲ್ದಾರರ ಹೆಂಡತಿ. "ನೀವು ಇಲ್ಲಿ ಕೂತ್ಕೊಳ್ಳಿ. ಅವರು ಓಡಿಸ್ಲಿ. ಕೆಮ್ಮುತ್ತೋ ಇಲ್ವೋ ನಾನೂ ಕೇಳ್ತೀನಿ."

ಅಮಲ್ದಾರರು ಹಗ್ಗವನ್ನು ಸುರುಳಿ ಸುತ್ತಿ ಕೋಟಿನ ಜೇಬಿಗೆ ಹಾಕಿಕೊಂಡರು. "ಹಗ್ಗ ಮಾರಿದೋನದು ಅಲ್ವೇನ್ರೀ ಯಜಮಾನ್ರೇ? ವಾಪಸ್ ಕೊಡೋ ಪದ್ಧತಿ ಉಂಟಾ?"

ಮಾವ ಆಕೆಯ ಮುಖ ನೋಡಿದರು, ಅಮಲ್ದಾರರ ಮುಖ ನೋಡಿದರು. "ಇಲ್ಲ ಸ್ವಾಮಿ" ಎಂದರು.

"ಸರಿ ಸರಿ" ಎಂದು ಅಮಲ್ದಾರರು ಒಳಗೆ ಹೋದರು. ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ಬೇರೆ ಏನೂ ಕೇಳಿಸಲಿಲ್ಲ. ಅವರು ಬಾಯಿಗೆ ಏನನ್ನೋ ಒತ್ತಿಕೊಂಡಿರಬೇಕು.

ಆಕೆ ಗೇಟಿನ ತನಕ ಬಂದರು. "ಮನೆಗೆ ಹೋದ್ಮೇಲೆ ಓಡಿಸ್ತೀರಲ್ಲ. ಹೆಂಗಿದೆ ಅಂತ ನನಗೊಂದು ಮಾತು ತಿಳಿಸಿ" ಎಂದರು.

ಲಕ್ಷ್ಮೀಪುರಂನಿಂದ ನಜರ್‌ಬಾದಿಗೆ ನಾವಿಬ್ಬರೂ ಆ ಮೂಕ ಪ್ರಾಣಿಯನ್ನು ತಳ್ಳಿಕೊಂಡು ಬಂದೆವು. ದಾರಿಯಲ್ಲಿ ಯಾರೋ, "ಏನ್ ಗೌಡ್ರೇ, ಎತ್ತಿಗೆ ಹುಷಾರಿಲ್ವಾ?" ಎಂದು ನಕ್ಕರು. ಬೇರೆ ದಿನವಾಗಿದ್ದರೆ ಆ ಮನುಷ್ಯನ ನಗುವನ್ನು ಅವನಿಗೇ ವಾಪಸು ಕೊಟ್ಟಿರುತ್ತಿದ್ದೆ. ಅರಮನೆಯ ಕೋಟೆ ದಾಟಿದ ಮೇಲೆ ಮಾವ ನಿಂತು ಬೆವರು ಒರೆಸಿಕೊಂಡರು.

"ಯಂತ್ರಕ್ಕೇ ಇರ್ಲಿ ಕಣೋ ಆ ಐಬು" ಎಂದರು.

"ಆಮೇಲೆ ನೆಲ, ಮಾವ?"

"ನೆಲಕ್ಕೇನೋ ಒಂದಾಯ್ತದೆ. ಕಾರ್ಬೊರೇಟರೇ ಇರ್ಲಿ ಶಿವನೇ."

ನಾನು ಅವರನ್ನೇ ನೋಡಿದೆ. ಯಂತ್ರ ಕೈಕೊಟ್ಟರೆ ಏನು ಗತಿ ಅಂತ ಊಟ ಬಿಟ್ಟು ಕೂತಿದ್ದ ಮನುಷ್ಯ, ತನ್ನ ಯಂತ್ರ ಕೆಟ್ಟಿರಲಿ ಅಂತ ಹರಸಿಕೊಳ್ಳುತ್ತಿದ್ದರು.

ಮನೆಯಲ್ಲಿ ಷಡ್ಡಕ ಹೊಸ ಹಗ್ಗ ಹೆಗಲ ಮೇಲೆ ಹಾಕಿಕೊಂಡು ಕಾಯುತ್ತಿದ್ದ. "ಒಂದಿನ ತಡಿಯಿರಿ, ಯಂತ್ರ ಓಡ್ತದೋ ಇಲ್ವೋ ನೋಡಿ ಕೊಡಿ" ಅಂತ ಅತ್ತೆ ಗಂಡನಿಗೆ ಸನ್ನೆ ಮಾಡಿದಳು. ಮಾವ ಮಾತು ಕೊಟ್ಟಾಗಿತ್ತು. ಎತ್ತುಗಳ ಕೊರಳಿನ ಹಳೇ ಹಗ್ಗ ಬಿಚ್ಚಿಕೊಂಡರು, ಷಡ್ಡಕ ತನ್ನದು ಕಟ್ಟಿದ. ಜೋಡಿ ಬೀದಿಯ ತಿರುವಿನಲ್ಲಿ ಕಾಣದಾಯಿತು. ಅತ್ತೆ ಕೊಟ್ಟಿಗೆಯ ಕಂಬ ಹಿಡಿದುಕೊಂಡು ನಿಂತಳು.

ಮಾವ ಕೈಯಲ್ಲಿದ್ದ ಹಗ್ಗವನ್ನು ಟ್ರಾಕ್ಟರಿನ ಗಾಲಿಗೆ ಸುತ್ತಲು ನೋಡಿದರು. ದಪ್ಪ, ಕೂರಲಿಲ್ಲ. ನೆಲದ ಮೇಲೆ ಕುಳಿತು, ಹುರಿ ಬಿಚ್ಚಿ ಒಂದು ಎಳೆಯನ್ನು ಬೇರೆ ಮಾಡಿದರು. ಅದನ್ನು ಸುತ್ತಿ ಎಳೆದರು. ಏನೂ ಆಗಲಿಲ್ಲ. ಮತ್ತೆ ಎಳೆದರು. ಏನೂ ಆಗಲಿಲ್ಲ, ಮತ್ತು ನಮ್ಮಿಬ್ಬರ ಮುಖದಲ್ಲೂ ಒಂದು ಆಸೆ ಮೂಡಿತು. ಅತ್ತೆಗೆ ಮಾತ್ರ ಎದೆ ಒಡೆದ ಹಾಗಾಗಿ, "ಅಯ್ಯೋ, ಮುಳುಗಿಸ್ಬುಟ್ರಲ್ಲಪ್ಪ!" ಎಂದಳು.

ಮೂರನೆಯ ಎಳೆತಕ್ಕೆ ಅದು ಹೊತ್ತಿಕೊಂಡಿತು.

ಮಾವ ಹಿಡಿ ಹಿಡಿದು ಮನೆಯ ಹಿಂದಿದ್ದ ಮೆಂತ್ಯದ ಪಾತಿಯ ಪಕ್ಕ ಇಳಿದರು. ನಾನು ಈ ಸಲ ಕಣ್ಣು ಬಿಟ್ಟುಕೊಂಡೇ ಜೊತೆಯಲ್ಲಿ ನಡೆದೆ. ಬಡಬಡಬಡಬಡ. ತಿರುವು ಬಂತು. ಇಬ್ಬರೂ ಉಸಿರು ಬಿಗಿಹಿಡಿದೆವು. ಬಡಬಡಬಡಬಡ. ಘೊರ್ರ್ ಇಲ್ಲ, ಖ್ಖು ಇಲ್ಲ. ಮಾವ ಇನ್ನೊಂದು ಸಲ ತಿರುಗಿಸಿದರು, ಇನ್ನೂ ಬಿಗಿಯಾಗಿ. ಇನ್ನೊಂದು. ಬೇಕೆಂತಲೇ ಕಲ್ಲಿರುವ ಕಡೆ ಓಡಿಸಿದರು. ಒಂದು ಚೂರು ತಡವರಿಸಲಿಲ್ಲ. ಮಣ್ಣು ಬೆಣ್ಣೆಯ ಹಾಗೆ ಬಿಚ್ಚಿಕೊಳ್ಳುತ್ತಿತ್ತು.

ಮಾವ ಯಂತ್ರ ನಿಲ್ಲಿಸಿ ಅಲ್ಲೇ ನಿಂತುಬಿಟ್ಟರು.

ಅತ್ತೆ ಓಡಿ ಬಂದಳು. "ಯಾಕ್ರೀ ಇಬ್ರೂ ಸಾವಿನ ಮನೇಲಿ ನಿಂತಂಗೆ ನಿಂತಿದೀರಿ? ಚೆನ್ನಾಗಿ ಓಡ್ತಲ್ಲ!"

"ಓಡ್ತು" ಎಂದರು ಮಾವ. ಬಚ್ಚಲಿಗೆ ಹೋಗಿ ಕೈಕಾಲು ತೊಳೆದುಕೊಂಡು, ಒಗೆದ ಅಂಗಿ ಹಾಕಿಕೊಂಡು ಬಂದರು. "ನಡಿಯೋ, ಲಕ್ಷ್ಮೀಪುರಕ್ಕೆ ಹೋಗ್ಬರೋಣ."

"ಏನಂತ ಹೇಳೋದು ಮಾವ?"

ಅವರು ಚಪ್ಪಲಿ ಮೆಟ್ಟುತ್ತಿದ್ದರು. ತಲೆ ಎತ್ತಲಿಲ್ಲ.

"ಯಂತ್ರದಲ್ಲಿ ಐಬಿಲ್ಲ ಅಂತ."